ಮನೆಯ ಬರ್ಗರ್, ಮಾಲಿನ ಬರ್ಗರ್, ನಡುವೆ ಆ ಹಾಳಾದ ಬನ್ನು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮನೆಯ ಬರ್ಗರಿಗೆ. ಪಕ್ಷಪಾತ ಇಲ್ಲದ ಅಭಿಪ್ರಾಯ ಬೇಕಾದವರು ಬೇರೆ ಯಾರನ್ನಾದರೂ ಕೇಳಿ. ಕಳೆದ ಜುಲೈಯ ಒಂದು ಆದಿತ್ಯವಾರ ರಾತ್ರಿ 1,180 ರೂಪಾಯಿ ಕೊಟ್ಟು ತರಿಸಿದ ನಾಲ್ಕು ಬರ್ಗರನ್ನು ಚಮಚದಲ್ಲಿ ಎತ್ತಿ ತಿಂದವಳು ನಾನು.

ಆದದ್ದಿಷ್ಟು. ಮಂಗಳೂರಿನ ಕುಲಶೇಖರದಲ್ಲಿ ಮಳೆ ಹೊಡೆಯುತ್ತಿತ್ತು, ಅಡುಗೆ ಮಾಡಲಿಕ್ಕೆ ಉದಾಸೀನ, ಮಗಳಿಗೆ ಬರ್ಗರ್ ಬೇಕು. ಆ್ಯಪಿನಲ್ಲಿ 35 ನಿಮಿಷ ಅಂತ ತೋರಿಸಿದ್ದು ಬಂದದ್ದು ಒಂದು ಗಂಟೆ ಹತ್ತು ನಿಮಿಷಕ್ಕೆ. ತಂದ ಹುಡುಗನನ್ನು ಬೈಯುವ ಹಾಗಿಲ್ಲ, ಪಾಪ, ರೈನ್‌ಕೋಟಿನ ಒಳಗೂ ಒದ್ದೆಯಾಗಿದ್ದ. ಪೆಟ್ಟಿಗೆಯೊಳಗೆ ಮಾತ್ರ ಮಳೆಯ ನೀರು ಒಂದು ಹನಿಯೂ ಹೋಗಿರಲಿಲ್ಲ. ಬರ್ಗರನ್ನು ಹಾಳು ಮಾಡಿದ್ದು ಅದರದ್ದೇ ಹಬೆ. ಬಿಸಿ ಪ್ಯಾಟಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು ಗಂಟೆ ಇಟ್ಟರೆ ಏನಾಗುತ್ತದೆ? ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಬನ್ನಿನ ಮೇಲೆಯೇ ಇಳಿಯುತ್ತದೆ. ಕೆಳಗಿನ ಅರ್ಧ ಕಾಗದಕ್ಕೆ ಅಂಟಿಕೊಂಡಿತ್ತು, ಮೇಲಿನ ಅರ್ಧ ಬೆರಳು ತಾಗಿದಲ್ಲಿ ಕುಸಿಯುತ್ತಿತ್ತು. ಅತ್ತೆ ಒಂದು ತುಂಡು ಬಾಯಿಗೆ ಹಾಕಿ, "ಹಾಲಿನಲ್ಲಿ ಅದ್ದಿದ ಬ್ರೆಡ್ಡಿನ ಹಾಗೆ ಉಂಟು ಮಾರಾಯ್ತಿ, ಜ್ವರ ಬಂದವರಿಗೆ ಕೊಡಬಹುದು" ಅಂದರು. ದೂರು ಕೊಟ್ಟದ್ದಕ್ಕೆ 50 ರೂಪಾಯಿಯ ಕೂಪನ್ ಬಂತು. ಅದರ ಆಯುಸ್ಸು ಮೂರು ದಿನ.

ಅಲ್ಲಿಂದ ಈಚೆಗೆ ನಾನು ಹಟ ಹಿಡಿದು ಎಲ್ಲ ಬಗೆಯನ್ನೂ ನೋಡಿದೆ. ಪಾಂಡೇಶ್ವರದ ಮಾಲಿನಲ್ಲಿ ಕೂತು ತಿಂದದ್ದು, ಕಾಲೇಜಿನ ಹತ್ತಿರದ ಗಾಡಿಯಲ್ಲಿ ನಿಂತು ತಿಂದದ್ದು, ಮನೆಯಲ್ಲಿ ಮಾಡಿದ್ದು. ಮನೆಯಲ್ಲಿ ಮಾಡಿದ್ದೇ ಹದಿನೈದು ಸಲವಾದರೂ ಆಗಿರಬೇಕು.

ಪ್ಯಾಟಿಯ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅಲ್ಲಿ ಸ್ಪರ್ಧೆಯೇ ಇಲ್ಲ. ಮಾಲಿನ ಚಿಕನ್ ಬರ್ಗರ್ ಇವತ್ತು ತಿಂದರೂ ಆರು ತಿಂಗಳು ಬಿಟ್ಟು ತಿಂದರೂ ಒಂದೇ ರುಚಿ. ಮಗಳಿಗೆ ಅದೇ ಇಷ್ಟ. ನನಗೆ ಆ ಗರಿಗರಿ ಹೊದಿಕೆಯೊಳಗೆ ಕೋಳಿ ಎಲ್ಲಿ ಅಂತ ಹುಡುಕಬೇಕಾಗುತ್ತದೆ. ಮನೆಯಲ್ಲಿ ಮಾಡುವಾಗ ನೆನಪಿಡಬೇಕಾದದ್ದು ಎರಡೇ. ಬೋನ್‌ಲೆಸ್ ಅಂದರೆ ಅಂಗಡಿಯವರು ಎದೆಯ ಮಾಂಸ ಕೊಡುತ್ತಾರೆ, ಅದರಲ್ಲಿ ಕೊಬ್ಬಿಲ್ಲ, ಬೆಂದಾಗ ಹತ್ತಿಯ ಹಾಗೆ ಆಗುತ್ತದೆ. ಕಾಲಿನದ್ದೇ ಬೇಕು ಅಂತ ಬಾಯಿಬಿಟ್ಟು ಹೇಳಿ. ಅದನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ನಾಲ್ಕೈದು ಸಲ ತಿರುಗಿಸಿದರೆ ಕೈಮಾ ಸಿಗುತ್ತದೆ. ಒಂದೇ ಸಮನೆ ತಿರುಗಿಸಿದರೆ ಸಿಗುವುದು ಚಟ್ನಿ. ಎರಡನೆಯದು ಉಪ್ಪು. ಮೊದಲ ಸಲ ನಾನು ಮಸಾಲೆ ಎಳೆಯಲಿ ಅಂತ ಹಿಂದಿನ ರಾತ್ರಿಯೇ ಉಪ್ಪು ಹಾಕಿ ಚಪಾತಿ ಹಿಟ್ಟಿನ ಹಾಗೆ ನಾದಿ ಇಟ್ಟಿದ್ದೆ. ಉಪ್ಪು ಮಾಂಸದ ಪ್ರೋಟೀನನ್ನು ಕರಗಿಸಿ ಅಂಟು ಮಾಡುತ್ತದೆ, ಸಾಸೇಜು ಗಟ್ಟಿ ನಿಲ್ಲುವುದೇ ಹಾಗೆ. ನಮ್ಮ ಬರ್ಗರನ್ನು ನೆಲಕ್ಕೆ ಹಾಕಿದ್ದರೆ ಪುಟಿಯುತ್ತಿತ್ತು. ಈಗ ಕಾವಲಿ ಬಿಸಿಯಾದ ಮೇಲೆಯೇ ಉಪ್ಪು. ಬನ್ನಿಗಿಂತ ಅರ್ಧ ಇಂಚು ಅಗಲ ತಟ್ಟಿ, ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿದರೆ ಬೇಯುವಾಗ ಉಬ್ಬಿ ಚೆಂಡಾಗುವುದಿಲ್ಲ. ಕೋಳಿಯ ಕೈಮಾ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಅರೆಬೆಂದದ್ದು ಮಕ್ಕಳಿಗೆ ಕೊಡುವ ಹಾಗಿಲ್ಲ. ಥರ್ಮಾಮೀಟರ್ ಇಲ್ಲದವರು ಒಂದನ್ನು ನಡುವೆ ಕತ್ತರಿಸಿ ನೋಡಿ, ಗುಲಾಬಿ ಬಣ್ಣ ಎಲ್ಲಿಯೂ ಉಳಿದಿರಬಾರದು.

ಇನ್ನು ಸಾಸು. ಕುಂದಾಪುರದ ಘೀ ರೋಸ್ಟಿನ ಮಸಾಲೆ ಉಂಟಲ್ಲ, ಬ್ಯಾಡಗಿ ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ, ಹುಳಿ ಅರೆದು ತುಪ್ಪದಲ್ಲಿ ಹುರಿದದ್ದು, ಅದನ್ನು ಒಂದು ಚಮಚ ಮೇಯನೇಸಿಗೆ ಕಲಸಿ ಬನ್ನಿಗೆ ಬಳಿಯಿರಿ. ಇದರ ಮೇಲೆ ನಾನು ವಾದಕ್ಕೆ ಬರುವುದಿಲ್ಲ.

ಈಗ ಬನ್ನು.

ಭಾರತದಲ್ಲಿ ಮೆಕ್‌ಡೊನಾಲ್ಡ್ಸ್ ಮೊದಲ ಅಂಗಡಿ ತೆರೆದದ್ದು 1996ರಲ್ಲಿ, ದೆಹಲಿಯಲ್ಲಿ. ಆಗ ಹೈಸ್ಕೂಲಿನಲ್ಲಿದ್ದ ನಮಗೆ ಬರ್ಗರ್ ಅಂದರೆ ಬೇಕರಿಯವರು ಬನ್ನು ಸೀಳಿ ಬೀಟ್‌ರೂಟಿನ ಕಟ್ಲೆಟ್ಟು, ಒಂದು ಚಕ್ರ ಈರುಳ್ಳಿ, ಮೇಲೆ ಕೆಂಪು ಸಾಸು ಹಾಕಿ ಕೊಡುತ್ತಿದ್ದದ್ದು. ಆ ರುಚಿ ತಲೆಯಲ್ಲಿ ಇದ್ದದ್ದರಿಂದ ಬೇಕರಿಯ ಬನ್ನು ಸಾಕು ಅಂದುಕೊಂಡೆ. ತಂದು ನೋಡಿದರೆ ಒಳಗೆಲ್ಲ ಟೂಟಿ ಫ್ರೂಟಿ. ಘೀ ರೋಸ್ಟ್ ಮಸಾಲೆಯ ಜೊತೆ ಸಕ್ಕರೆಪಾಕದ ಪಪ್ಪಾಯಿ ತುಂಡು ಹಲ್ಲಿಗೆ ಸಿಕ್ಕಿದಾಗ ಮಗಳು ನನ್ನ ಮುಖ ನೋಡಿದ ರೀತಿ ಇನ್ನೂ ಮರೆತಿಲ್ಲ. ಮರುವಾರ ಹೋಗಿ ಕೇಳಿದೆ, "ಅಣ್ಣ, ಸಿಹಿ ಇಲ್ಲದ ಬನ್ನು ಉಂಟಾ?"

"ಬನ್ನು ಅಂದರೆ ಸಿಹಿಯೇ ಅಕ್ಕ. ಸಿಹಿ ಬೇಡದಿದ್ದರೆ ಬ್ರೆಡ್ಡು ಕೊಂಡುಹೋಗಿ."

ಸೂಪರ್‌ಮಾರ್ಕೆಟಿನಲ್ಲಿ ಬರ್ಗರ್ ಬನ್ನು ಅಂತಲೇ ಪ್ಯಾಕೆಟ್ ಸಿಗುತ್ತದೆ, ಎಳ್ಳು ಸಹ ಇರುತ್ತದೆ. ಆದರೆ ನಾನು ತಂದ ಪ್ಯಾಕೆಟಿನ ಅವಧಿ ಯಾವಾಗಲೂ ನಾಳೆಯೋ ನಾಡಿದ್ದೋ ಮುಗಿಯುವುದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ, ಅಗಸ್ಟ್ ತಿಂಗಳಲ್ಲಿ, ಬನ್ನನ್ನು ಹೊರಗೆ ಇಟ್ಟರೆ ಎರಡನೇ ದಿನಕ್ಕೆ ಅಡಿಯಲ್ಲಿ ಹಸಿರು ಬೂಷ್ಟು. ಅದಕ್ಕೆ ಹೆದರಿ ಫ್ರಿಜ್ಜಿನಲ್ಲಿ ಇಟ್ಟೆ. ಅದು ಇನ್ನೂ ದೊಡ್ಡ ತಪ್ಪು. ಫ್ರಿಜ್ಜಿನ ತಂಪಿನಲ್ಲಿ ಬ್ರೆಡ್ಡಿನ ಪಿಷ್ಟ ಬೇಗ ಗಟ್ಟಿಯಾಗುತ್ತದೆ, ಹೊರಗೆ ಇಟ್ಟದ್ದಕ್ಕಿಂತ ಬೇಗ ಒಣಕಲಾಗುತ್ತದೆ. ಇಟ್ಟರೆ ಪೂರ್ತಿ ಫ್ರೀಜರಿನಲ್ಲೇ ಇಡಬೇಕು, ಅಲ್ಲಿ ಎರಡು ಮೂರು ವಾರಕ್ಕೆ ಏನೂ ಆಗುವುದಿಲ್ಲ. ಇದು ಗೊತ್ತಾಗುವಷ್ಟರಲ್ಲಿ ಎರಡು ಪ್ಯಾಕೆಟ್ ದನದ ಬಾಯಿಗೆ ಹೋಗಿತ್ತು.

ಹಾಗಾದರೆ ನಾನೇ ಮಾಡುತ್ತೇನೆ ಅಂತ ಹೊರಟೆ. ಅರ್ಧ ಕೆಜಿ ಮೈದಾ, ಏಳು ಗ್ರಾಂ ಯೀಸ್ಟು, ಹಾಲು, ಬೆಣ್ಣೆ, ಒಂದು ಮೊಟ್ಟೆ. ನಮ್ಮ ಸೆಖೆಗೆ ಹಿಟ್ಟು ಉಬ್ಬಲಿಕ್ಕೆ ಮುಕ್ಕಾಲು ಗಂಟೆ ಸಾಕು, ಆ ಮಟ್ಟಿಗೆ ಮಂಗಳೂರು ಬೇಕರಿಯವರ ಸ್ವರ್ಗ. ನಾದುತ್ತಿದ್ದಾಗ ಅತ್ತೆ ಬಂದು ಇಣುಕಿದರು.

"ಎಂತ ಮಾಡುವುದು?"

"ಬನ್ನು, ಅತ್ತೆ."

"ಬಾಳೆಹಣ್ಣು ಹಾಕಲಿಲ್ಲ?"

ಇದು ನಮ್ಮ ಊರಿನವರಿಗೆ ಮಾತ್ರ ಬರುವ ಕಷ್ಟ. ಇಲ್ಲಿ ಬನ್ಸ್ ಅಂದರೆ ಹಣ್ಣಾದ ಬಾಳೆಹಣ್ಣು, ಮೈದಾ, ಮೊಸರು, ಜೀರಿಗೆ ಕಲಸಿ ಎಣ್ಣೆಯಲ್ಲಿ ಬಿಡುವ ದಪ್ಪ ಪೂರಿ, ಬೆಳಗ್ಗಿನ ಚಹಾದ ಜೊತೆಗೆ. ಹಳ್ಳಿಯಿಂದ ಮಾಲಿನ ಎದುರಿನವರೆಗೆ ಯಾರನ್ನು ಕೇಳಿದರೂ ಅದೇ. ನಾನು ವಿವರಿಸುತ್ತಾ ಹೋದೆ, ಅವರು ತಲೆ ಆಡಿಸುತ್ತಾ ಹೋದರು, ಕೊನೆಗೆ "ಬಾಳೆಹಣ್ಣು ಹಾಕಿದ್ದರೆ ಮೆತ್ತಗೆ ಬರುತ್ತಿತ್ತು" ಅಂತ ಹೇಳಿ ಟಿವಿಯ ಮುಂದೆ ಕೂತರು. (ಮಗಳು ಮುಂದೆ ಒಂದು ದಿನ ನಿಜವಾದ ಬನ್ಸನ್ನೇ ಸೀಳಿ ಒಳಗೆ ಪ್ಯಾಟಿ ಇಟ್ಟಳು. ಎಣ್ಣೆ ಮುಂಗೈವರೆಗೆ ಇಳಿಯಿತು. ರುಚಿ ಕೆಟ್ಟದಿರಲಿಲ್ಲ ಅಂತ ಒಪ್ಪಿಕೊಳ್ಳಲಿಕ್ಕೆ ನನಗೆ ಬೇಸರ.)

ಓವನ್ 180 ಡಿಗ್ರಿಗೆ ಬಂದಿತ್ತು, ಬನ್ನು ಒಳಗೆ ಹೋಗಿ ಏಳು ನಿಮಿಷ ಆಗಿತ್ತು, ಹೊಟ್ಟೆ ಉಬ್ಬಿಸಿಕೊಂಡು ಚಂದ ನಿಂತಿದ್ದವು. ಆಗ ಕರೆಂಟ್ ಹೋಯಿತು. ಇನ್‌ವರ್ಟರಿನಲ್ಲಿ ಓವನ್ ನಡೆಯುವುದಿಲ್ಲ. ನಲವತ್ತು ನಿಮಿಷ ಬಿಟ್ಟು ಕರೆಂಟ್ ಬಂದಾಗ ಎಂಟೂ ನಡುವೆ ಕುಳಿ ಬಿದ್ದು ಮಣ್ಣಿನ ಹಣತೆಯ ಹಾಗೆ ಕೂತಿದ್ದವು. ಇವರು ಬಂದು ನೋಡಿ, "ದೀಪಾವಳಿಗೆ ಇಟ್ಟುಕೊಳ್ಳುವ" ಅಂದರು. ಆ ದಿನ ರಾತ್ರಿ ಗಂಜಿ, ಉಪ್ಪಿನಕಾಯಿ.

ದಾರಿ ತೋರಿಸಿದ್ದು ಗಾಡಿಯವನು. ಅವನ ಬರ್ಗರಿಗೆ 70 ರೂಪಾಯಿ, ಪ್ಯಾಟಿ ಹೇಳಿಕೊಳ್ಳುವಂಥದ್ದಲ್ಲ, ಆದರೆ ಬನ್ನು ಮಾತ್ರ ಹೊರಗೆ ಮೆತ್ತಗೆ, ಒಳಗಿನ ಮುಖ ಕರುಂ ಕುರುಂ. ನಿಂತು ನೋಡಿದೆ. ಅವನು ಪಾವಿನ ಹಿಟ್ಟಿನ ಬನ್ನನ್ನು ಸೀಳಿ, ಸೀಳಿದ ಮುಖವನ್ನು ಬೆಣ್ಣೆಗೆ ಒತ್ತಿ ಕಾವಲಿಯ ಮೇಲೆ ಕೆಂಪಗಾಗುವವರೆಗೆ ಬಿಡುತ್ತಾನೆ. ಆ ಕೆಂಪು ಪದರ, ಆ ಬೆಣ್ಣೆ, ಎರಡೂ ಸೇರಿ ಸಾಸಿನ ನೀರನ್ನು ಒಳಗೆ ಬಿಡುವುದಿಲ್ಲ. ಅಂದರೆ ನಾನು ಇಷ್ಟು ದಿನ ಬೇಕರಿಯಲ್ಲಿ ತಪ್ಪು ಪ್ರಶ್ನೆ ಕೇಳುತ್ತಿದ್ದೆ. ಮರುದಿನವೇ ಹೋಗಿ, "ಅಣ್ಣ, ಪಾವಿನ ಹಿಟ್ಟನ್ನೇ ದೊಡ್ಡದಾಗಿ, ಒಂದೊಂದೇ ಬೇರೆ ಬೇರೆ ಉರುಟಾಗಿ ಮಾಡಿಕೊಡುತ್ತೀರಾ?" ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಎಂಟಕ್ಕಿಂತ ಕಡಿಮೆ ಆಗುವುದಿಲ್ಲ, ಒಂದಕ್ಕೆ ಹತ್ತು ರೂಪಾಯಿ, ಶನಿವಾರ ಸಂಜೆ ಬನ್ನಿ" ಅಂದರು. ಎಂಟು ತರುತ್ತೇನೆ, ನಾಲ್ಕು ಫ್ರೀಜರಿಗೆ. ಫ್ರೀಜರಿನದ್ದನ್ನು ಹೊರಗೆ ಬಿಟ್ಟು ಚಳಿ ಬಿಡಿಸಿ ಇಡ್ಲಿ ಪಾತ್ರೆಯ ಹಬೆಯಲ್ಲಿ ಒಂದೇ ನಿಮಿಷ ಇಟ್ಟು, ಸೀಳಿ, ಕಾವಲಿಗೆ ಹಾಕಿದರೆ ಹೊಸದ್ದಕ್ಕೂ ಅದಕ್ಕೂ ಅತ್ತೆಗೆ ಸಹ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದು ನಿಮಿಷ ಅಂದರೆ ಒಂದೇ ನಿಮಿಷ. ಎರಡಾದರೆ ಮತ್ತೆ ಜುಲೈಯ ಕಥೆ.

ಹೊರಗಿನದ್ದು ಗೆಲ್ಲುವುದು ಫ್ರೆಂಚ್ ಫ್ರೈಯಲ್ಲಿ. ಇದನ್ನು ನಾನು ಒಪ್ಪಿಕೊಂಡು ಕೈ ಬಿಟ್ಟಿದ್ದೇನೆ. ಅವರು ತರಿಸುವುದು ಅದಕ್ಕೆಂದೇ ಬೆಳೆದ, ಸಕ್ಕರೆ ಅಂಶ ಕಡಿಮೆ ಇರುವ ಬಟಾಟೆ. ಮಾರ್ಕೆಟಿನಲ್ಲಿ ನಮಗೆ ಸಿಗುವ ಸಾಂಬಾರಿನ ಬಟಾಟೆ, ಅದರಲ್ಲೂ ಕೋಲ್ಡ್ ಸ್ಟೋರೇಜಿನಿಂದ ಬಂದದ್ದು, ಪಿಷ್ಟ ಸಕ್ಕರೆಯಾಗಿ ತಿರುಗಿರುತ್ತದೆ. ಎಣ್ಣೆಗೆ ಬಿಟ್ಟ ಕೂಡಲೇ ಹೊರಗೆ ಕಪ್ಪು, ಒಳಗೆ ಹಸಿ. ಎರಡು ಸಲ ಕರಿದು ನೋಡಿದೆ, ಪರವಾಗಿಲ್ಲ ಅನ್ನುವಷ್ಟಕ್ಕೆ ಬಂತು, ಬಾಣಲೆಯ ಎಣ್ಣೆ ಮಾತ್ರ ಹಾಳು. ಈಗ ಬರ್ಗರಿನ ಜೊತೆ ಹಲಸಿನ ಹಪ್ಪಳ ಕಾಯಿಸಿ ಕೊಡುತ್ತೇನೆ. ನಗುವವರು ನಗಲಿ.

ಮೀನಿನ ಬರ್ಗರ್ ಮನೆಯಲ್ಲೇ ಮಾಡಿ. ಅಂಜಲಿನ ತುಂಡಿಗೆ ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ, ಹುರಿದು, ನಡುವಿನ ಮುಳ್ಳು ತೆಗೆದು ಇಟ್ಟರೆ ಆಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಆಗ ಅಂಜಲಿನ ದರ ಕೇಳಿದರೆ ಬರ್ಗರಿನ ಆಸೆಯೇ ಹೋಗುತ್ತದೆ. ಬಂಗುಡೆಯಲ್ಲಿ ಪ್ರಯತ್ನಿಸಬೇಡಿ, ಬನ್ನಿನೊಳಗೆ ಮುಳ್ಳು ಹುಡುಕುವ ಕೆಲಸ ಯಾರಿಗೂ ಬೇಡ.

ದುಡ್ಡಿನ ಲೆಕ್ಕ ನಮ್ಮ ಮನೆಯದ್ದು, ನಾಲ್ಕು ಜನರಿಗೆ: ಕೋಳಿ 400 ಗ್ರಾಂ 136 ರೂಪಾಯಿ, ಬನ್ನು 40, ಚೀಸ್ ನಾಲ್ಕು ಹಾಳೆ 60, ತರಕಾರಿ 30, ಬೆಣ್ಣೆ ಮೇಯನೇಸ್ ಎಲ್ಲ ಸೇರಿ 40. ಒಟ್ಟು 306, ಒಂದಕ್ಕೆ 77 ರೂಪಾಯಿಯೂ ಆಗಲಿಲ್ಲ. ಮಾಲಿನಲ್ಲಿ ಫ್ರೈ, ತಂಪು ಪಾನೀಯ ಸೇರಿ ನಾಲ್ವರಿಗೆ 1,100 ದಾಟದೆ ನಾವು ಎದ್ದದ್ದೇ ಇಲ್ಲ, ಮೇಲೆ ಪಾರ್ಕಿಂಗ್. ಆ್ಯಪಿನಲ್ಲಿ ತರಿಸಿದರೆ ಅದೇ ಬರ್ಗರಿಗೆ ದರ ಹೆಚ್ಚು, ಪ್ಯಾಕಿಂಗ್ ಬೇರೆ, ಡೆಲಿವರಿ ಬೇರೆ. ನನ್ನ ಲೆಕ್ಕದಲ್ಲಿ ಗ್ಯಾಸು ಇಲ್ಲ, ನನ್ನ ಒಂದೂಕಾಲು ಗಂಟೆಯೂ ಇಲ್ಲ. ಮಿಕ್ಸಿಯ ಜಾರಿನ ಬ್ಲೇಡಿನ ಅಡಿಯಲ್ಲಿ ಸಿಕ್ಕಿಕೊಳ್ಳುವ ಕೈಮಾ ತೊಳೆಯುವುದು ಇವರ ಕೆಲಸ, ಅದರ ಬೆಲೆ ಅವರೇ ಹೇಳಬೇಕು.

ಹಾಗಾಗಿ ನಮ್ಮಲ್ಲಿ ಈಗ ಹೀಗೆ: ತಿಂಗಳಿಗೆ ಎರಡು ಆದಿತ್ಯವಾರ ಮನೆಯಲ್ಲಿ. ಪರೀಕ್ಷೆ ಮುಗಿದ ದಿನ, ಮಗಳ ಗೆಳತಿಯರು ಏಳೆಂಟು ಜನ ಒಟ್ಟಿಗೆ ಬಂದ ದಿನ ಮಾಲಿಗೆ, ಅಷ್ಟು ಜನರಿಗೆ ಬನ್ನು ಕಾಯಿಸುತ್ತಾ ನಿಲ್ಲಲಿಕ್ಕೆ ನನ್ನಿಂದ ಆಗುವುದಿಲ್ಲ. ಆಫೀಸು ಬಿಟ್ಟು ಬರುವಾಗ ಒಬ್ಬಳೇ ಇದ್ದರೆ ಗಾಡಿಯವನ ಬರ್ಗರ್, ಮನೆಯಲ್ಲಿ ಹೇಳದೆ. ಆ್ಯಪಿನಲ್ಲಿ ಜೂನಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಬರ್ಗರ್ ತರಿಸುವುದಿಲ್ಲ, ಬಿರಿಯಾನಿ ತರಿಸಿಕೊಳ್ಳಿ, ಅದಕ್ಕೆ ಹಬೆಯಿಂದ ತೊಂದರೆ ಇಲ್ಲ.

ಇದನ್ನು ಬರೆಯುವ ಹೊತ್ತಿಗೆ ಬೇಕರಿಯ ಅಣ್ಣ ತಂಗಿಯ ಮದುವೆ ಅಂತ ಊರಿಗೆ ಹೋಗಿದ್ದಾರೆ, ಬಾಗಿಲಿಗೆ ಹತ್ತು ದಿನದ ಚೀಟಿ ಅಂಟಿಸಿದ್ದಾರೆ. ಫ್ರೀಜರಿನಲ್ಲಿ ಉಳಿದದ್ದು ಎರಡೇ ಬನ್ನು. ಓವನ್ ಹಚ್ಚುತ್ತೇನೆ ಅಂದೆ. ಇವರು ಮಾತಾಡದೆ ಕಾರಿನ ಕೀಲಿ ಹುಡುಕಲಿಕ್ಕೆ ಶುರು ಮಾಡಿದರು.