ಬೀಗತನಕ್ಕೆ ಒಲ್ಲದ ಪಕ್ಕದ ಮನೆ: ಬಿಮಲ್ ರಾಯ್ ಅವರ ‘ದೇವದಾಸ್’

ನಮ್ಮ ಚಿಕ್ಕಮ್ಮ ಹುಡುಗಿಯಾಗಿದ್ದಾಗ ಪಕ್ಕದ ಮನೆ ಹುಡುಗನನ್ನು ಇಷ್ಟಪಟ್ಟಿದ್ದರು. ಎರಡೂ ಮನೆಗೆ ಒಂದೇ ಬಾವಿ. ಹಬ್ಬ ಬಂದರೆ ಒಬ್ಬಟ್ಟು ಆ ಕಡೆಯಿಂದ ಈ ಕಡೆಗೆ, ಕೋಸಂಬರಿ ಈ ಕಡೆಯಿಂದ ಆ ಕಡೆಗೆ. ಮದುವೆ ಮಾತು ಬಂದಾಗ ಮಾತ್ರ ಅಜ್ಜಿ, “ಗೋಡೆ ಪಕ್ಕದವರ ಜೊತೆ ಬೀಗತನ ಮಾಡೋಕಾಗತ್ತಾ?” ಅಂದುಬಿಟ್ಟರಂತೆ. ಅಲ್ಲಿಗೆ ಮುಗಿಯಿತು.

ಸಂಕ್ರಾಂತಿಗೆ ಊರಿಗೆ ಹೋದಾಗ ಚಿಕ್ಕಮ್ಮನ ಜೊತೆ ಕೂತು ಬಿಮಲ್ ರಾಯ್ ನಿರ್ದೇಶಿಸಿದ 1955ರ ಹಿಂದಿ ಸಿನಿಮಾ ‘ದೇವದಾಸ್’ ನೋಡಿದೆ. ಮುಂದೆ ಅವರೆಕಾಳಿನ ಪಾತ್ರೆ. ನಾವಿಬ್ಬರೂ ಹಿತಕುತ್ತಾ ನೋಡುತ್ತಿದ್ದೆವು.

ದೇವದಾಸ್ ಅಂದರೆ ಎಲ್ಲರಿಗೂ ನೆನಪಾಗುವುದು ಬಾಟಲಿ. ನನಗೆ ಈ ಸಿನಿಮಾ ಮೊದಲು ಎರಡು ಮನೆಗಳ ಕಥೆ. ಬಂಗಾಳದ ಒಂದು ಹಳ್ಳಿ. ದೇವದಾಸನದು ಜಮೀನ್ದಾರರ ಮನೆ, ಪಕ್ಕದಲ್ಲೇ ಅವನ ಗೆಳತಿ ಪಾರೋ ಮನೆ. ಮಕ್ಕಳು ಹೊಸಿಲು ನೋಡದೆ ಓಡಾಡುತ್ತಾರೆ. ದೊಡ್ಡವರಾದ ಮೇಲೆ ಸಂಬಂಧ ಬೇಡ ಅನ್ನುವುದಕ್ಕೆ ಎಷ್ಟು ಕಾರಣ! ಹೆಣ್ಣು ಕೊಟ್ಟು ದುಡ್ಡು ತೆಗೆದುಕೊಳ್ಳುವ ಮನೆತನ ಅನ್ನುವುದು ಒಂದು. ಶರತ್‌ಚಂದ್ರ ಚಟರ್ಜಿಯವರ 1917ರ ಕಾದಂಬರಿಯಲ್ಲಿ ದೇವದಾಸನ ತಾಯಿಗೆ ಇನ್ನೊಂದು ಕಾರಣವೂ ಇದೆ: ಮನೆ ಪಕ್ಕದಲ್ಲೇ ನೆಂಟಸ್ತನ, ಛೀ. ಇದನ್ನು ಹೇಳಿದಾಗ ಚಿಕ್ಕಮ್ಮ ನನ್ನ ಮುಖ ನೋಡಿದರು, ಏನೂ ಮಾತಾಡಲಿಲ್ಲ.

ದೇವದಾಸನನ್ನು ಕಲ್ಕತ್ತೆಗೆ ಓದಲು ಕಳಿಸಿದ ಮೇಲೆ ಪುಟ್ಟ ಪಾರೋ ಒಬ್ಬಳೇ ಉಳಿಯುತ್ತಾಳೆ. ಊರೂರು ತಿರುಗಿ ಹಾಡುವ ಬಾವುಲರು ಅವಳ ಮುಂದೆ ಬಂದು ಶ್ಯಾಮನನ್ನು ಕರೆಯುವ ಹಾಡು ಹಾಡುತ್ತಾರೆ. ಗೀತಾ ದತ್, ಮನ್ನಾ ಡೇ ಅವರ ದನಿ, ಎಸ್. ಡಿ. ಬರ್ಮನ್ ಸಂಗೀತ. ಆ ಮಗುವಿನ ದುಃಖವನ್ನು ಬೇರೆ ಯಾರೋ ಹಾಡಿ ಹೇಳುತ್ತಿದ್ದಾರೆ, ಅವಳು ಸುಮ್ನೆ ಕೇಳುತ್ತಾಳೆ. ಇಷ್ಟು ಸಾಕಲ್ವಾ?

ಮುಂದೆ ಬೆಳೆದ ಪಾರೋ ರಾತ್ರಿ ಹೊತ್ತು ಒಬ್ಬಳೇ ದೇವದಾಸನ ಕೋಣೆಗೆ ಬರುತ್ತಾಳೆ. ಪಕ್ಕದ ಮನೆಗೆ ಬರುವುದಕ್ಕೆ ಎಷ್ಟು ಧೈರ್ಯ ಬೇಕು ಅನ್ನುವುದು ಸುಚಿತ್ರಾ ಸೇನ್ ನಿಂತ ರೀತಿಯಲ್ಲೇ ಗೊತ್ತಾಗುತ್ತದೆ. ಹಿಂದಿಯಲ್ಲಿ ಅದು ಅವರ ಮೊದಲ ಸಿನಿಮಾ. ದಿಲೀಪ್ ಕುಮಾರ್ ಆಗ ಅಪ್ಪ ಅಮ್ಮ ಏನನ್ನುತ್ತಾರೋ ಅಂತ ಹೆದರುತ್ತಾರೆ. ಆ ಹೆದರಿಕೆ ನಿಜವಾಗಿ ಕಾಣುತ್ತದೆ, ಅದಕ್ಕೇ ಸಿಟ್ಟೂ ಬರುತ್ತದೆ. ಚಿಕ್ಕಮ್ಮ ಕೈಯಲ್ಲಿದ್ದ ಕಾಳನ್ನು ಹಾಗೇ ಹಿಡಿದುಕೊಂಡಿದ್ದರು.

ಒಂದು ವಿಷಯ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಪಾರೋ ತಿರುಗಿ ಮಾತಾಡಿದಳು ಅಂತ ದೇವದಾಸ ಅವಳ ಹಣೆಗೆ ಹೊಡೆಯುತ್ತಾನೆ. ಆ ಗಾಯದ ಗುರುತನ್ನು ಪ್ರೀತಿಯ ನೆನಪು ಅನ್ನುವ ಹಾಗೆ ತೋರಿಸುತ್ತಾರೆ. ಅದು ಪೆಟ್ಟು, ಅಷ್ಟೇ. ಕುಡಿತದ ಭಾಗವೂ ಸ್ವಲ್ಪ ಜಾಸ್ತಿ ಎಳೆದಿದೆ. ದೇವದಾಸನ ಗೆಳೆಯ ಚುನ್ನಿಬಾಬು ಆಗಿ ಮೋತಿಲಾಲ್ ಇದ್ದಾಗ ಮಾತ್ರ ಆ ದೃಶ್ಯಗಳಿಗೆ ಉಸಿರು ಬರುತ್ತದೆ.

ನಾನು ಮತ್ತೆ ಮತ್ತೆ ನೋಡುವುದು ಒಂದು ಚಿಕ್ಕ ದೃಶ್ಯ. ದೇವದಾಸನನ್ನು ಪ್ರೀತಿಸುವ ನರ್ತಕಿ ಚಂದ್ರಮುಖಿ ಅವನನ್ನು ಹುಡುಕಿಕೊಂಡು ದಾರಿಯಲ್ಲಿ ನಡೆದು ಬರುತ್ತಿದ್ದಾಳೆ. ಎದುರಿಗೆ ಬೇರೆಯವರನ್ನು ಮದುವೆಯಾದ ಪಾರೋ, ಪಲ್ಲಕ್ಕಿಯಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಒಂದು ಮಾತೂ ಇಲ್ಲ. ಚಂದ್ರಮುಖಿಯಾದ ವೈಜಯಂತಿಮಾಲಾ ಈ ಪಾತ್ರಕ್ಕೆ ಬಂದ ಫಿಲ್ಮ್‌ಫೇರ್ ಪೋಷಕ ನಟಿ ಪ್ರಶಸ್ತಿಯನ್ನು ಬೇಡ ಅಂದರು. ತನ್ನದು ಪಾರೋಗೆ ಸಮನಾದ ಪಾತ್ರ ಅನ್ನುವುದು ಅವರ ವಾದ. ಈ ದೃಶ್ಯ ನೋಡಿದರೆ ಅವರು ಹೇಳಿದ್ದು ಸರಿ ಅನ್ನಿಸುತ್ತದೆ.

2002ರ ತಮ್ಮ ‘ದೇವದಾಸ್’ನಲ್ಲಿ ಸಂಜಯ್ ಲೀಲಾ ಬನ್ಸಾಲಿ ಇದೇ ಇಬ್ಬರನ್ನು ಒಟ್ಟಿಗೆ ಕುಣಿಸಿದರು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ, ಜೊತೆಗೆ ಮಾಧುರಿ ದೀಕ್ಷಿತ್. ಆ ಕುಣಿತ ನನಗೂ ಇಷ್ಟ, ಶ್ರೇಯಾ ಘೋಷಾಲ್ ಹಾಡಿಕೆಯೂ ಇಷ್ಟ. ಆದರೆ ಅಲ್ಲಿ ಎರಡೂ ಮನೆಗಳು ಅರಮನೆಗಳೇ. ಪಾರೋ ಮನೆ ಯಾವುದರಲ್ಲಿ ಕಡಿಮೆ ಅಂತ ಕಣ್ಣಿಗೆ ಕಾಣುವುದೇ ಇಲ್ಲ. ಬಿಮಲ್ ರಾಯ್ ಕಪ್ಪು ಬಿಳುಪಿನಲ್ಲಿ ಅದನ್ನು ಕಾಣಿಸಿದರು. ಸೈಗಲ್ ಹಾಡಿ ನಟಿಸಿದ ಹಳೆಯ ‘ದೇವದಾಸ್’ಗೆ ಕ್ಯಾಮೆರಾ ಹಿಡಿದಿದ್ದವರೂ ಅವರೇ. ಸುಮಾರು 20 ವರ್ಷ ಈ ಕಥೆ ಅವರೊಳಗೆ ಇತ್ತು ಅಂತ ನನಗನ್ನಿಸುತ್ತದೆ.

ಎರಡೂವರೆ ಗಂಟೆಗೂ ಜಾಸ್ತಿ ಇದೆ, ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಮಾತು ಬರೆದವರು ರಾಜಿಂದರ್ ಸಿಂಗ್ ಬೇಡಿ. ಹಿಂದಿ ಅಷ್ಟಾಗಿ ಬರದಿದ್ದರೆ ಸಬ್‌ಟೈಟಲ್ ಹಾಕಿಕೊಳ್ಳಿ. ತಲತ್ ಮಹಮೂದ್ ಹಾಡುಗಳನ್ನು ಮಾತ್ರ ಕೇಳದೆ ಮುಂದಕ್ಕೆ ಓಡಿಸಬೇಡಿ.

ಕೊನೆಯಲ್ಲಿ ದೇವದಾಸ ಪಾರೋ ಗಂಡನ ಮನೆ ಮುಂದೆ ಬಂದು ಬೀಳುತ್ತಾನೆ. ಅವಳು ಓಡಿ ಬರುತ್ತಾಳೆ, ದೊಡ್ಡ ಬಾಗಿಲು ಮುಚ್ಚುತ್ತದೆ. ಟಿವಿ ಆರಿಸಿದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಬಿಟ್ಟು, “ಆ ಬಾವಿ ಈಗ ಮುಚ್ಚಿಬಿಟ್ಟಿದಾರೆ, ಗೊತ್ತಾ?” ಅಂದರು. ಆಮೇಲೆ ಕಾಳಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು.