ಕುಂಬಳೆ–ಬದಿಯಡ್ಕ ರಸ್ತೆಯ ನಾಯಿ ಡಾಕ್ಟ್ರು: ಕಾಯಬೇಕು, ಆದ್ರೂ ಇಲ್ಲಿಗೇ ಹೋಗಿ

ಅಡಿಕೆಗೆ ಮದ್ದು ಬಿಡುವ ಮನೆಯಲ್ಲಿ ನಾಯಿ ಇದ್ದರೆ ಈ ಕ್ಲಿನಿಕ್ಕಿನ ದಾರಿ ಗೊತ್ತಿರಲಿ. ಬೋರ್ಡು ಚಿಕ್ಕದು, ಪಕ್ಕದ ಟಯರ್ ಅಂಗಡಿ ಕೇಳಿಕೊಂಡು ಹೋಗಿ.

ಸುಣ್ಣ ಸೇರಿಸುವ ಮೊದಲೇ, ಮೈಲುತುತ್ತು (ತಾಮ್ರದ ಸಲ್ಫೇಟ್) ಕರಗಿಸಿಟ್ಟ ಬಕೆಟಿಗೆ ನಮ್ಮ ಟೈಗರ್ ಬಾಯಿ ಹಾಕಿತ್ತು. ಸ್ವಲ್ಪ ಹೊತ್ತಲ್ಲೇ ಅಂಗಳದಲ್ಲಿ ನೀಲಿ ಹಸಿರು ವಾಂತಿ. "ಉಪ್ಪುನೀರು ಕುಡಿಸು, ಎಲ್ಲ ಹೊರಗೆ ಬರ್ಲಿ" ಅಂದರು ಅತ್ತೆ. ಫೋನಲ್ಲಿ ಡಾಕ್ಟ್ರು ಬೇಡವೇ ಬೇಡ ಅಂದರು. ತುತ್ತು ಸುಡುವ ವಸ್ತು, ಬೇಕೆಂದೇ ವಾಂತಿ ಮಾಡಿಸಿದರೆ ಗಂಟಲು ಇನ್ನೊಮ್ಮೆ ಸುಡುತ್ತದೆ. ಉಪ್ಪು ಜಾಸ್ತಿಯಾದರೆ ಅದೂ ನಾಯಿಗೆ ವಿಷವೇ. ವಾಂತಿಯ ಫೋಟೋ ತೆಗೆದು, ತುತ್ತಿನ ಪ್ಯಾಕೆಟ್ ಹಿಡಿದು ಕೂಡಲೇ ಬನ್ನಿ ಅಂದರು.

ಮೇಜಿನ ಮೇಲೆ ಹತ್ತಿಸಿದ ಕೂಡಲೇ ಸೂಜಿ ಎತ್ತಲಿಲ್ಲ. ತುಟಿ ಸರಿಸಿ ವಸಡನ್ನು ಬೆರಳಲ್ಲಿ ಒತ್ತಿ ಬಿಟ್ಟರು. ಬಿಳಿಚಿದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕಂತೆ. ಮತ್ತೆ ಪ್ರಶ್ನೆ: "ಹೊಟ್ಟೆ ಹಿಂಡಿ ಬಂತಾ, ಸುಮ್ನೆ ಬಾಯಿಂದ ಜಾರಿ ಬಿತ್ತಾ?" ಜಾರಿ ಬಿದ್ದರೆ ತೊಂದರೆ ಅನ್ನನಾಳದ್ದು, ಔಷಧಿಯೇ ಬೇರೆ. ಮೊದಲು ಹೋಗುತ್ತಿದ್ದ ಕಡೆ ಎಲ್ಲ ವಾಂತಿಗೂ ಒಂದೇ ಇಂಜೆಕ್ಷನ್ ಆಗಿತ್ತು, ಮಾತೂ ಇಲ್ಲ ಕಥೆಯೂ ಇಲ್ಲ!

ಡ್ರಿಪ್ ಹಾಕಿದರು, ವಾಂತಿ ನಿಲ್ಲಲು ಮದ್ದು ಕೊಟ್ಟರು. ತಾಮ್ರ ಲಿವರಿಗೆ ಪೆಟ್ಟು ಕೊಡುವುದು ನಿಧಾನಕ್ಕೆ, ಹಾಗಾಗಿ ರಕ್ತ ಪರೀಕ್ಷೆಗೆ ಮತ್ತೆ ಕರೆಸಿಕೊಂಡರು. ಬಿಲ್ಲು ಕಡಿಮೆಯೇನಲ್ಲ, ಆದರೆ ಯಾವುದಕ್ಕೆ ಎಷ್ಟು ಅಂತ ಬರೆದು ಕೊಡುತ್ತಾರೆ. ತಿನ್ನಲು ಶುರು ಮಾಡಿದ ಮೇಲೆ ಕುಚ್ಚಲಕ್ಕಿ ಬೇಡ, ಬೆಳ್ತಿಗೆ (ಬಿಳಿ ಅಕ್ಕಿ) ಅನ್ನವನ್ನು ಮೆತ್ತಗೆ ಬೇಯಿಸಿ, ಉಪ್ಪು ಮಸಾಲೆ ಇಲ್ಲದ ಕೋಳಿ ಕಲಸಿ ಕೊಡಿ ಅಂದರು. ಟೈಗರಿಗೆ ಈಗ ಅದೇ ಅಭ್ಯಾಸ, ಕುಚ್ಚಲು ಮೂಸಿಯೂ ನೋಡುವುದಿಲ್ಲ.

ಬೆಳಿಗ್ಗೆ ಕೆಲವೊಮ್ಮೆ ಹಳದಿ ನೊರೆ ಕಾರುತ್ತದಲ್ವಾ, ಅದನ್ನೂ ಕೇಳಿದೆ. ನಾಯಿ ಚುರುಕಾಗಿದ್ದರೆ ಬರೀ ಖಾಲಿ ಹೊಟ್ಟೆ ಇರಬಹುದು, ಮಲಗುವ ಮೊದಲು ತುಸು ತಿನ್ನಲು ಕೊಟ್ಟು ನೋಡಿ ಅಂದರು. ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಬಾರದಿದ್ದರೆ ಮಾತ್ರ ಒಂದು ನಿಮಿಷವೂ ಕಾಯಬಾರದು. ಜಠರ ತಿರುಚಿಕೊಂಡಿರಬಹುದು.

ಒಂದು ಸ್ಟಾರ್ ಕಡಿಮೆ ಕೊಟ್ಟದ್ದು ಜಗಲಿಗೆ. ಲಸಿಕೆಗೆ ಬಂದ ಮರಿಗಳೂ ರಕ್ತಭೇದಿಯ ಮರಿಗಳೂ ಅಲ್ಲಿ ಒಂದೇ ಬೆಂಚಿನ ಕೆಳಗೆ. ಮರಿಗಳಿಗೆ ರಕ್ತಭೇದಿ ತರುವ ಪಾರ್ವೋ ವೈರಸ್ ಹರಡಲು ಇನ್ನೇನು ಬೇಕು? ಲಸಿಕೆ ಮುಗಿಯದ ಮರಿ ಇದ್ದರೆ ಕಾರಲ್ಲೇ ಕೂರಿಸಿ, ನಿಮ್ಮ ಸರದಿ ಬಂದಾಗ ಎತ್ತಿಕೊಂಡು ಹೋಗಿ.