ಅವ್ವನ ಮೊಣಕಾಲು, ನಮ್ಮ ಕಾರು ಮತ್ತು ಗೋವಾದ ಐದು ಬೀಚ್

ನಮ್ಮ ಅವ್ವನಿಗೆ ಮರಳಲ್ಲಿ ಐವತ್ತು ಹೆಜ್ಜೆಗಿಂತ ಜಾಸ್ತಿ ನಡೆಯಲು ಆಗುವುದಿಲ್ಲ. ಮೊಣಕಾಲು ನೋವು. ಹಾಗಾಗಿ ವಾಸ್ಕೊದಲ್ಲಿರುವ ನಾವು ಭಾನುವಾರ ಬೀಚಿಗೆ ಹೊರಟರೆ ಮೊದಲು ಏಳುವ ಪ್ರಶ್ನೆ, ಗಾಡಿ ಎಲ್ಲಿ ನಿಲ್ಲಿಸೋದು? ಅವ್ವ ಧಾರವಾಡದಿಂದ ಬಂದು ನಮ್ಮ ಜೊತೆ ಇರಲು ಶುರು ಮಾಡಿದ ಮೇಲೆ ಐದು ಬೀಚ್ ಸುತ್ತಿದ್ದೇವೆ. ಕಾರು ಸಣ್ಣದು, ಒಳಗೆ ಐದು ಜನ, ಜೊತೆಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿ ಅವ್ವನದು.

ಮನೆಗೆ ಹತ್ತಿರ ಅಂದರೆ ಬೋಗ್ಮಾಲೋ. ಏರ್‌ಪೋರ್ಟ್ ದಾಟಿ ಹೋದರೆ ಸುಮಾರು ಎಂಟು ಕಿಲೋಮೀಟರ್. ದಾರಿಯಲ್ಲಿ ನೌಕಾಪಡೆಯ ವಿಮಾನಗಳ ಮ್ಯೂಸಿಯಂ ಇದೆ, 1998ರದ್ದು, ಮಕ್ಕಳು ಹಳೇ ವಿಮಾನ ನೋಡಿ ಖುಷಿಪಡುತ್ತಾರೆ (ಸೋಮವಾರ ಮಾತ್ರ ಹೋಗಬೇಡಿ, ಬಾಗಿಲು ಹಾಕಿರುತ್ತೆ). ಬೀಚ್ ಪುಟ್ಟದು, ಅದರ ಪಾರ್ಕಿಂಗ್ ಇನ್ನೂ ಪುಟ್ಟದು. ರಸ್ತೆ ಮುಗಿಯುವಲ್ಲಿ ಒಂದಿಷ್ಟು ಜಾಗ, ಅಷ್ಟೇ. ನಾಲ್ಕು ಗಂಟೆಯೊಳಗೆ ಹೋದರೆ ನೀವು ರಾಜರು. ಐದಕ್ಕೆ ಹೋದಿರೋ, ಎದುರಿಂದ ಹೊರಬರುವ ಗಾಡಿ, ಹಿಂದೆ ಹಾರ್ನ್ ಹೊಡೆಯುವ ಗಾಡಿ, ನಡುವೆ ನೀವು, ರಿವರ್ಸ್ ತೆಗೆಯಲು ಇಳಿದು ಕೈ ತೋರಿಸುವ ಹೆಂಡತಿ. ಜಾಗ ಸಿಕ್ಕರೆ ಮಾತ್ರ ಅವ್ವನಿಗೆ ಇದಕ್ಕಿಂತ ಹತ್ತಿರದ ಸಮುದ್ರ ಇಲ್ಲ.

ಮಿರಾಮಾರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜುವಾರಿ ಹೊಸ ಸೇತುವೆಯ ಮೊದಲ ಭಾಗ 2022ರ ಡಿಸೆಂಬರ್‌ನಲ್ಲಿ ಶುರುವಾದ ಮೇಲೆ ಪಣಜಿ ನಮಗೆ ನಿಜವಾಗಿ ಹತ್ತಿರವಾಗಿದೆ. ಹಳೇ ಸೇತುವೆ ಮೇಲೆ ಲಾರಿ ಹಿಂದೆ ಕೂತು ಕಳೆದ ಸಂಜೆಗಳನ್ನು ನೆನೆಸಿಕೊಂಡರೆ ಈಗಲೂ ಕಾಲು ತಾನಾಗಿ ಕ್ಲಚ್ ಹುಡುಕುತ್ತೆ. ಮಿರಾಮಾರ್‌ನಲ್ಲಿ ರಸ್ತೆ ಪಕ್ಕದಲ್ಲೇ ಗಾಡಿ ನಿಲ್ಲುತ್ತೆ, ಗಾಳಿಮರದ ನೆರಳಿದೆ, ಅವ್ವ ಅಲ್ಲೇ ಕೂತು ಎದುರಿನ ಆಗ್ವಾದ ಕೋಟೆ ನೋಡಬಹುದು. ಆದರೆ ಅದು ಮಾಂಡೋವಿ ನದಿ ಸಮುದ್ರ ಸೇರುವ ಜಾಗ, ಸೆಳೆತ ಇರುತ್ತೆ, ಮಕ್ಕಳನ್ನು ನೀರಿಗೆ ಬಿಡುವ ಧೈರ್ಯ ನನಗಿಲ್ಲ. ನೀರಿಗೆ ಇಳಿಯದ ಬೀಚ್ ಅಂದರೆ ಮಕ್ಕಳು ಮುಖ ಊದಿಸಿಕೊಳ್ಳುತ್ತಾರೆ.

ಇನ್ನು ಕಲಂಗುಟ್. ಊರಿಂದ ಯಾರೇ ಬರಲಿ, ಅವರಿಗೆ ಗೋವಾ ಅಂದರೆ ಕಲಂಗುಟ್ ಮತ್ತು ಬಾಗಾ. ಹುಬ್ಬಳ್ಳಿಯಿಂದ ಭಾಮೈದ ಬಂದಾಗ ಬೇರೆ ದಾರಿ ಇರಲಿಲ್ಲ. ಡಿಸೆಂಬರ್ ತಿಂಗಳು, ಭಾನುವಾರ, ಅದೂ ಸಂಜೆ. ಇಷ್ಟು ಹೇಳಿದರೆ ಗೋವಾದವರಿಗೆ ಅರ್ಥವಾಗುತ್ತೆ. ವಾಸ್ಕೊದಿಂದ ಪಣಜಿ ದಾಟುವವರೆಗೂ ಆರಾಮ. ಕೊನೆಯ ಮೂರು ಕಿಲೋಮೀಟರ್‌ಗೆ ಮುಕ್ಕಾಲು ಗಂಟೆ. ಮುಂದೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವ ಗಾಡಿ ಕಂಡರೆ ಸ್ವಲ್ಪ ದೂರ ಇರಿ, ಅದು ಬಾಡಿಗೆ ಗಾಡಿ, ಓಡಿಸುವವರ ಒಂದು ಕಣ್ಣು ಮೊಬೈಲ್ ಮ್ಯಾಪ್ ಮೇಲೆ ಇರುತ್ತೆ, ಎಲ್ಲಿ ಬ್ರೇಕ್ ಹಾಕುತ್ತಾರೋ ಅವರಿಗೇ ಗೊತ್ತಿರುವುದಿಲ್ಲ. ಮೆಟ್ಟಿಲ ಹತ್ತಿರದ ಪಾರ್ಕಿಂಗ್ ತುಂಬಿತ್ತು. ಒಬ್ಬ ತನ್ನ ತೆಂಗಿನ ತೋಟಕ್ಕೆ ಕೈ ಮಾಡಿದ. ಇನ್ನೂರು ರೂಪಾಯಿ, ಚೀಟಿ ಇಲ್ಲ. ಸರಿ ಅಂತ ಹಾಕಿದೆ. ಇಳಿದು ತಲೆ ಎತ್ತಿದರೆ ಬಾನೆಟ್‌ಗೆ ನೇರ ಮೇಲೆ ಬಲಿತ ಕಾಯಿಗಳ ಗೊನೆ! ಮತ್ತೆ ಹತ್ತಿ ಎರಡು ಅಡಿ ಹಿಂದಕ್ಕೆ ತೆಗೆದೆ. ಗೋವಾದಲ್ಲಿ ನೆರಳು ಸಿಕ್ಕಿತು ಅಂತ ಖುಷಿಪಡುವ ಮೊದಲು ಮೇಲೆ ನೋಡಿ.

ತೋಟದಿಂದ ಬೀಚ್ ದೂರ. ಅವ್ವನನ್ನು ನಡೆಸಲು ಆಗಲ್ಲ. ಆಗ ಹೊಳೆದಿದ್ದು ಪೈಲಟ್. ಇಲ್ಲಿ ಪೈಲಟ್ ಅಂದರೆ ವಿಮಾನದವನಲ್ಲ, ಹಳದಿ ಕಪ್ಪು ಬಣ್ಣದ ಬೈಕ್ ಟ್ಯಾಕ್ಸಿಯವನು. ಅವ್ವ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಬದಿಗೆ ಕೂತು, ಒಂದು ಕೈಲಿ ಹಿಂದಿನ ಕಂಬಿ, ಇನ್ನೊಂದು ಕೈಲಿ ಚಪ್ಪಲಿ ಹಿಡಿದುಕೊಂಡು ಟ್ರಾಫಿಕ್ ಸೀಳಿಕೊಂಡು ಹೋದರು. ನಾವು ತಲುಪಿದಾಗ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಕಲಂಗುಟ್‌ಗೆ ಹೋಗಲೇಬೇಕು ಅಂದರೆ ಇದೇ ನನ್ನ ಸಲಹೆ: ಗಾಡಿ ದೂರ ಬಿಟ್ಟು ಪೈಲಟ್ ಹಿಡಿಯಿರಿ.

ಪಾಲೋಲೆಂ ಚೆಂದ. ಅರ್ಧಚಂದ್ರದ ಹಾಗಿರುವ ಕೊಲ್ಲಿ, ಅಲೆ ಕಡಿಮೆ, ಮಕ್ಕಳಿಗೆ ಇದೇ ಸ್ವರ್ಗ. ಆದರೆ ಮಡಗಾಂವ್ ದಾಟಿದ ಮೇಲೂ ಮೂವತ್ತೈದು ಕಿಲೋಮೀಟರ್ ಮೇಲೆ ಇದೆ, ನಡುವೆ ಕರ್ಮಲ್ ಘಾಟ್ ತಿರುವುಗಳು. ಚಿಕ್ಕವಳು ಎರಡು ಸಲ ವಾಂತಿ ಮಾಡಿದಳು. ಚಾರ್ ರಸ್ತಾದಲ್ಲಿ ಬೈಪಾಸ್ ಬಿಟ್ಟು ಕಾಣಕೋಣ ಊರೊಳಗೆ ತಿರುಗಬೇಕು, ಸುಮ್ನೆ ನೇರ ಹೋದರೆ ಕಾರವಾರ. ಗಾಡಿ ಬಿಟ್ಟು ಅಂಗಡಿ ಸಾಲಿನ ನಡುವೆ ನಡೆಯಬೇಕು. ವರ್ಷಕ್ಕೊಮ್ಮೆ ಸಾಕು.

ಉಳಿದದ್ದು ಕೋಲ್ವಾ. ಫೋಟೋಗೆ ಅಂಥದ್ದೇನೂ ಇಲ್ಲ, ಟೂರಿಸ್ಟ್ ಬಸ್ಸುಗಳು ಸಾಲಾಗಿ ನಿಂತಿರುತ್ತವೆ, ಗದ್ದಲ. ಆದರೆ ಪಾರ್ಕಿಂಗ್ ಅಗಲ ಇದೆ. ಒಬ್ಬರು ಹೊರಟರೆ ಇನ್ನೊಬ್ಬರಿಗೆ ಜಾಗ ಸಿಗುತ್ತೆ. ಮರಳು ಶುರುವಾಗುವಲ್ಲೇ ಕುರ್ಚಿ ಹಾಕಿದರೆ ಅವ್ವನಿಗೂ ಸಮುದ್ರ ಕಾಣುತ್ತೆ, ಅವ್ವ ಅಲ್ಲಿಂದಲೇ ಮಕ್ಕಳನ್ನು ಬೈಯಬಹುದು. ಒಂದೇ ತೊಂದರೆ, ಬೀಚ್ ಇರೋದು ಪಶ್ಚಿಮಕ್ಕೆ. ಕಾರಿನ ಮೂತಿ ಸಮುದ್ರದ ಕಡೆ ಇಟ್ಟರೆ ಸಂಜೆ ಬಿಸಿಲು ಪೂರಾ ಸ್ಟೀರಿಂಗ್ ಮೇಲೆ, ವಾಪಸ್ ಬಂದಾಗ ಕೈ ಇಡಲು ಆಗಲ್ಲ. ಹಿಂಭಾಗ ಸಮುದ್ರದ ಕಡೆ ಇಡಿ, ಹೊರಡೋಕೂ ಸುಲಭ.

ಮರಳ ಮೇಲೆ ಕಾರು ಓಡಿಸುವ ಆಸೆ ಇದ್ದವರಿಗೆ ಒಂದು ಮಾತು. ಕೇರಳದ ಮುಳಪ್ಪಿಲಂಗಾಡ್‌ನಲ್ಲಿ ನಾಲ್ಕು ಕಿಲೋಮೀಟರ್ ಗಾಡಿ ಓಡಿಸಬಹುದು, ಅಲ್ಲಿನ ಮರಳು ಗಟ್ಟಿ. ಗೋವಾದಲ್ಲಿ ಅದಕ್ಕೆ ಅನುಮತಿ ಇಲ್ಲ, ಪೊಲೀಸ್ ಕೇಸ್ ಆಗುತ್ತೆ. ಮೋರ್ಜಿ, ಆಗೊಂದ ಕಡೆ ಕಡಲಾಮೆ ಬಂದು ಮೊಟ್ಟೆ ಇಡುವ ಮರಳು ಅದು. ಇದೆಲ್ಲ ಗೊತ್ತಿದ್ದೂ ಒಂದು ಸಣ್ಣ ಬೀಚಿನಲ್ಲಿ, ಯಾರೂ ಇಲ್ಲದ ಹೊತ್ತಲ್ಲಿ, ಭಾಮೈದ "ಮಾಮಾ, ಹತ್ತೇ ಅಡಿ ಒಳಗ ಹಾಕೂಣ್ರಿ, ಫೋಟೋಕ್ಕ" ಅಂದ, ನಾನು ಬೇಡ ಅನ್ನಲಿಲ್ಲ. ಕಾರು ಅವನದು, ಬುದ್ಧಿ ಹೇಳಬೇಕಾದವನು ನಾನು.

ನೀರಿನ ಅಂಚಿನ ಒದ್ದೆ ಮರಳು ಸಿಮೆಂಟಿನ ಹಾಗೆ ಕಾಣುತ್ತೆ. ಅಲ್ಲಿಗೆ ಹೋಗುವ ಮೊದಲೇ ಒಣ ಮರಳಿನ ಪಟ್ಟಿ ಇರುತ್ತಲ್ಲ, ಅದೇ ನುಂಗೋದು. ಮುಂದಿನ ಚಕ್ರ ಗಿರ್ರನೆ ತಿರುಗಿತು, ಕ್ಲಚ್ ಸುಟ್ಟ ವಾಸನೆ ಬಂತು, ಆಕ್ಸಿಲರೇಟರ್ ಒತ್ತಿದಷ್ಟೂ ಇಳಿಯಿತು, ಕೊನೆಗೆ ಕಾರಿನ ಹೊಟ್ಟೆ ಮರಳಿಗೆ ತಾಗಿತು. ಭರತ ಏರುವ ಹೊತ್ತು. ಇಳಿತದಿಂದ ಭರತಕ್ಕೆ ಸುಮಾರು ಆರು ಗಂಟೆ ಅಂತ ಪುಸ್ತಕದಲ್ಲಿ ಓದಿದ್ದು ಆಗ ಏನೂ ಸಮಾಧಾನ ಕೊಡಲಿಲ್ಲ. ಮೀನುಗಾರರು ನಾಲ್ವರು ಬಂದರು. ಮೊದಲು ಟೈರಿನ ಗಾಳಿ ಅರ್ಧದಷ್ಟು ಇಳಿಸಿದರು, ಚಕ್ರದ ಮುಂದಿನ ಮರಳನ್ನು ಕೈಯಲ್ಲೇ ಬಗೆದರು, ಕಾರೊಳಗಿನ ಮ್ಯಾಟ್ ಎಳೆದು ಚಕ್ರದ ಕೆಳಗೆ ತುರುಕಿದರು, ಆಮೇಲೆ ದೋಣಿಯ ಹಗ್ಗ ಕಟ್ಟಿ ಹಿಂದಕ್ಕೆ ಎಳೆದರು. ಅವ್ವ ದಡದಲ್ಲಿ ಕುರ್ಚಿ ಮೇಲೆ ಕೂತು ಎಲ್ಲ ನೋಡಿದರು, ಏನೂ ಅನ್ನಲಿಲ್ಲ, ವಾಸ್ಕೊ ಮುಟ್ಟುವವರೆಗೂ. ಮನೆಗೆ ಬಂದ ಕೂಡಲೇ ಕಾರಿನ ತಳಕ್ಕೆ ಪೈಪ್ ಹಿಡಿದು ಉಪ್ಪು ತೊಳೆದೆವು. ಆ ಮ್ಯಾಟ್‌ಗಳಲ್ಲಿ ಒಂದು ಹರಿದಿದೆ, ಇನ್ನೊಂದು ಇನ್ನೂ ನಮ್ಮ ಬಾಲ್ಕನಿಯಲ್ಲಿದೆ, ಕೊಡವಿದಾಗೆಲ್ಲ ಒಂದು ಹಿಡಿ ಮರಳು ಬೀಳುತ್ತೆ.

ಈ ಭಾನುವಾರ ಕೋಲ್ವಾ. ಮೂರೂವರೆಗೆ ಹೊರಡೋದು. ಕುರ್ಚಿ ಈಗಲೇ ಡಿಕ್ಕಿಯಲ್ಲಿದೆ.